ಶುಗರ್ ಇದ್ದರೆ, ವಿಮೆಯ ಫಾರಂ ತುಂಬುವ ಮುನ್ನ

ಊರಿನಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೀದಿ ಕೊನೆಯ ಲ್ಯಾಬಿಗೆ ಹೋಗಿ ರಕ್ತ ಕೊಡುತ್ತೀರಿ. ಇಡ್ಲಿ ತಿಂದು ಎರಡು ಗಂಟೆ ಬಿಟ್ಟು ಮತ್ತೆ ಕೊಡುತ್ತೀರಿ. ಸಂಜೆಗೆ ರಿಪೋರ್ಟು ಮೊಬೈಲಿಗೆ ಬಂದಿರುತ್ತದೆ. ನಡುವೆ ಯಾರ ಅಪ್ಪಣೆಯೂ ಬೇಕಿಲ್ಲ. ಅಮೆರಿಕದಲ್ಲಿ ಮಾತ್ರ ನಿಮಗೂ ವೈದ್ಯರಿಗೂ ನಡುವೆ ಮೂರನೆಯವರೊಬ್ಬರು ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಅವರೇ ವಿಮಾ ಕಂಪನಿ.

ಈ ಏರ್ಪಾಟಿಗೆ ಇಲ್ಲಿ ಮ್ಯಾನೇಜ್ಡ್ ಕೇರ್ ಎನ್ನುತ್ತಾರೆ. ಕಂಪನಿ ಬಿಲ್ಲು ಕಟ್ಟಿ ಸುಮ್ಮನಾಗುವುದಿಲ್ಲ. ಯಾವ ವೈದ್ಯರು, ಯಾವ ಲ್ಯಾಬು, ಯಾವ ಮಾತ್ರೆ ಎಂಬುದರಲ್ಲೂ ಕೈಯಾಡಿಸುತ್ತದೆ. 1973ರಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಎಚ್‌ಎಂಒ (ಗೊತ್ತಾದ ವೈದ್ಯರ ಬಳಗದೊಳಗೇ ಚಿಕಿತ್ಸೆ ಕೊಡಿಸುವ ವಿಮಾ ಯೋಜನೆ) ಕಾಯ್ದೆಯಿಂದ ಇದಕ್ಕೆ ಬಲ ಬಂತು. ಈಗ ನೌಕರಿಯ ಮೂಲಕ ಸಿಗುವ ವಿಮೆಗಳಲ್ಲಿ ಹೆಚ್ಚಿನವು ಇದರದೇ ಒಂದಲ್ಲ ಒಂದು ರೂಪ. ಬಂದ ಹೊಸತರಲ್ಲಿ ನಾನು ಇದನ್ನು ಶುದ್ಧ ಶತ್ರುವೆಂದೇ ತಿಳಿದಿದ್ದೆ. ಸಕ್ಕರೆ ಕಾಯಿಲೆಯೊಂದಿಗೆ ಇಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ, ಇದು ಜಿಪುಣ ಸೋದರಮಾವನಂತೆ ಕಾಣುತ್ತದೆ. ಪೆನ್ನು ಕೊಡಿಸು ಎಂದರೆ ಹತ್ತು ಪ್ರಶ್ನೆ ಕೇಳುತ್ತಾನೆ. ಅಂಕಪಟ್ಟಿ ನೋಡಲು ಮಾತ್ರ ಕರೆಯದೆಯೇ ಮನೆಗೆ ಬರುತ್ತಾನೆ.

ಕೆಲಸಕ್ಕೆ ಸೇರಿದ ವಾರವೇ ವಿಮೆ ಆರಿಸುವ ಫಾರಂ ಬರುತ್ತದೆ. ಸಾಮಾನ್ಯವಾಗಿ ಮೂವತ್ತು ದಿನಗಳ ಗಡುವು ಇರುತ್ತದೆ. ಅದು ತಪ್ಪಿದರೆ ವರ್ಷದ ಕೊನೆಯ ನೋಂದಣಿಯವರೆಗೆ ಕಾಯಬೇಕಾಗಬಹುದು. ಎಚ್‌ಎಂಒ ಆರಿಸಿದರೆ ನಿಮಗೊಬ್ಬ ಪ್ರಾಥಮಿಕ ವೈದ್ಯರು ಇರುತ್ತಾರೆ, ತಜ್ಞರ ಬಳಿ ಹೋಗಲು ಸಾಮಾನ್ಯವಾಗಿ ಅವರ ರೆಫರಲ್ ಬೇಕು, ನೆಟ್‌ವರ್ಕ್ (ಕಂಪನಿಯೊಡನೆ ಒಪ್ಪಂದವಿರುವ ವೈದ್ಯರು, ಆಸ್ಪತ್ರೆಗಳ ಬಳಗ) ದಾಟಿದರೆ ತುರ್ತು ಚಿಕಿತ್ಸೆಯ ಹೊರತು ಹಣ ಸಿಗುವುದಿಲ್ಲ. ಪಿಪಿಒ ಎಂಬ ಇನ್ನೊಂದು ಬಗೆಯ ಯೋಜನೆಯಲ್ಲಿ ಓಡಾಟದ ಸ್ವಾತಂತ್ರ್ಯ ಹೆಚ್ಚು, ಪ್ರೀಮಿಯಂ ಕೂಡ ಹೆಚ್ಚು. ನಮ್ಮವರು ಹೆಚ್ಚಾಗಿ ಪಿಪಿಒ ಕಡೆಗೇ ವಾಲುತ್ತಾರೆ, ಯಾರ ಅಪ್ಪಣೆಯೂ ಬೇಡ ಎಂಬ ಹುಮ್ಮಸ್ಸಿನಲ್ಲಿ. ಆದರೆ ಶುಗರ್ ಇರುವವರಿಗೆ ವೈದ್ಯರು, ಲ್ಯಾಬು, ಔಷಧಾಲಯ, ಕಣ್ಣಿನ ವಿಭಾಗ ಎಲ್ಲವೂ ಒಂದೇ ಕಡತ ನೋಡುವ ಎಚ್‌ಎಂಒ ಹಿತವೆಂದು ನನಗನಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಈ ಮಾದರಿಯ ಹಳೆಯ ಉದಾಹರಣೆ. 1945ರಿಂದ ಸಾರ್ವಜನಿಕರಿಗೆ ತೆರೆದಿದೆ.

ಪ್ರೀಮಿಯಂ ಕಡಿಮೆ, ಡಿಡಕ್ಟಿಬಲ್ ಹೆಚ್ಚು ಇರುವ ಯೋಜನೆಯನ್ನು ಇಪ್ಪತ್ತೈದರ ಸಹೋದ್ಯೋಗಿ ಹೊಗಳಿದರೆ ನಕ್ಕು ಸುಮ್ಮನಿರಿ. ಅವನ ಲೆಕ್ಕ ಬೇರೆ, ನಿಮ್ಮ ಲೆಕ್ಕ ಬೇರೆ. ಡಿಡಕ್ಟಿಬಲ್ ಎಂದರೆ ಕಂಪನಿ ಕೈ ಹಾಕುವ ಮೊದಲು ನೀವೇ ಕಟ್ಟಬೇಕಾದ ಮೊತ್ತ. ಶುಗರ್ ಇದ್ದವರು ಅದನ್ನು ಕಟ್ಟಿಯೇ ಕಟ್ಟುತ್ತೇವೆ ಎಂದುಕೊಂಡು ಕೂಡಿಸಬೇಕು. ಇಂಥ ಯೋಜನೆಗಳಲ್ಲೂ ಇನ್ಸುಲಿನ್, ಗ್ಲುಕೋಮೀಟರ್, ಎ1ಸಿ (ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ) ಪರೀಕ್ಷೆಗಳಿಗೆ ಡಿಡಕ್ಟಿಬಲ್ ಮುಗಿಯುವ ಮೊದಲೇ ಹಣ ಕೊಡಬಹುದೆಂದು ತೆರಿಗೆ ಇಲಾಖೆ 2019ರಲ್ಲಿ ಒಪ್ಪಿದೆ. ಅದು ‘ಕೊಡಬಹುದು’ ಅಷ್ಟೇ, ‘ಕೊಡಲೇಬೇಕು’ ಅಲ್ಲ. ನಿಮ್ಮ ಯೋಜನೆ ಕೊಡುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ಇನ್ನು ಮಾವ ಅಂಕಪಟ್ಟಿ ಕೇಳುವ ವಿಷಯ. ಈ ದೇಶದಲ್ಲಿ 2021ರಲ್ಲಿ ಸುಮಾರು 3 ಕೋಟಿ 80 ಲಕ್ಷ ಜನರಿಗೆ ಮಧುಮೇಹವಿತ್ತು. ಅವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದು ಗೊತ್ತೇ ಇರಲಿಲ್ಲ ಎಂಬುದು ಇಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಅಂದಾಜು. ಇಂದು ಕಣ್ಣಿನ ಪರೀಕ್ಷೆ ತಪ್ಪಿದರೆ ನಾಳೆ ಶಸ್ತ್ರಚಿಕಿತ್ಸೆಯ ಬಿಲ್ಲು ತನಗೇ ಬರುತ್ತದೆಂದು ಕಂಪನಿಗೆ ಗೊತ್ತು. ಅದಕ್ಕಿಂತ ಹತ್ತಿರದ ಕಾರಣವೊಂದಿದೆ. ಎನ್‌ಸಿಕ್ಯೂಎ ಎಂಬ ಸಂಸ್ಥೆ ಹೆಡಿಸ್ ಎಂಬ ಅಳತೆಗೋಲಿನಿಂದ ವಿಮಾ ಯೋಜನೆಗಳನ್ನು ತೂಗುತ್ತದೆ. ಮಧುಮೇಹಿ ಸದಸ್ಯರಲ್ಲಿ ಎಷ್ಟು ಜನರ ಎ1ಸಿ ಹತೋಟಿಯಲ್ಲಿದೆ, ಎಷ್ಟು ಜನರ ಕಣ್ಣಿನ ಪರೀಕ್ಷೆ ಆಗಿದೆ, ಮೂತ್ರಪಿಂಡದ ತಪಾಸಣೆ ಆಗಿದೆಯೇ, ರಕ್ತದೊತ್ತಡ ಎಷ್ಟು ಎಂಬುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದಲೇ ಅಪರಿಚಿತ ಸಂಖ್ಯೆಯಿಂದ ನರ್ಸೊಬ್ಬರು ಕರೆ ಮಾಡಿ ‘ಈ ವರ್ಷ ಕಣ್ಣು ತೋರಿಸಿದಿರಾ’ ಎಂದು ಕೇಳುತ್ತಾರೆ. ಮಾರಾಟದ ಕರೆ ಎಂದುಕೊಂಡು ನಾನು ಎರಡು ವರ್ಷ ಅವನ್ನು ಕತ್ತರಿಸಿದೆ. ಕೊನೆಗೊಮ್ಮೆ ಮಾತಾಡಿದಾಗ ಪಥ್ಯ ತಜ್ಞರ ಭೇಟಿ, ಮಧುಮೇಹದ ತರಬೇತಿ ತರಗತಿ ಎರಡೂ ನನ್ನ ಯೋಜನೆಯಲ್ಲಿ ಉಚಿತವೆಂದು ತಿಳಿಯಿತು. ಆ ಪಥ್ಯ ತಜ್ಞೆಗೆ ರಾಗಿ ಮುದ್ದೆಯನ್ನು ವಿವರಿಸಲು ಹತ್ತು ನಿಮಿಷ ಹಿಡಿಯಿತು. ಮುದ್ದೆಯೂ ಪಿಷ್ಟವೇ, ಗಾತ್ರ ಎಷ್ಟು ಹೇಳಿ ಎಂದರು. ಎರಡು ಎನ್ನಲು ನಾಚಿಕೆಯಾಗಿ ಒಂದು ಎಂದೆ.

ಕಣ್ಣಿನ ಪರೀಕ್ಷೆಯ ವಿಚಾರದಲ್ಲಿ ನಾನು ಬಿದ್ದ ಹಳ್ಳಕ್ಕೆ ನೀವು ಬೀಳಬೇಡಿ. ಕನ್ನಡಕಕ್ಕೆಂದು ಇರುವ ವಿಷನ್ ವಿಮೆ ಬೇರೆ, ವೈದ್ಯಕೀಯ ವಿಮೆ ಬೇರೆ. ಮಧುಮೇಹಕ್ಕಾಗಿ ಅಕ್ಷಿಪಟಲ ನೋಡುವುದು ಸಾಮಾನ್ಯವಾಗಿ ವೈದ್ಯಕೀಯ ವಿಮೆಯ ಲೆಕ್ಕಕ್ಕೆ ಸೇರುತ್ತದೆ. ನಾನು ಕನ್ನಡಕದ ಅಂಗಡಿಯಲ್ಲಿ ತಪ್ಪು ಕಾರ್ಡು ತೋರಿಸಿ, ಆ ಬಿಲ್ಲು ಸರಿಪಡಿಸಲು ನಾಲ್ಕು ತಿಂಗಳು ಫೋನು ಹಿಡಿದು ಕುಳಿತಿದ್ದೆ.

ಇನ್ನೂ ಶುಗರ್ ಬಂದಿಲ್ಲ ಎನ್ನುವವರಿಗೂ ಒಂದು ಮಾತು. ಇಲ್ಲಿನ ಸಾಮಾನ್ಯ ಲೆಕ್ಕದಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಅಳತೆ) 25 ದಾಟಿದರೆ ತೂಕ ಹೆಚ್ಚು. ಏಷ್ಯಾ ಮೂಲದವರಿಗೆ 23ರಿಂದಲೇ ಸಕ್ಕರೆ ಪರೀಕ್ಷೆ ಮಾಡಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಹೇಳುತ್ತದೆ. 170 ಸೆಂಟಿಮೀಟರ್ ಎತ್ತರದವರಿಗೆ ಅದು ಸುಮಾರು 66 ಕಿಲೋ. ನಮ್ಮಲ್ಲಿ ಅಂಥವರನ್ನು ಸಣಕಲು ಎನ್ನುತ್ತಾರೆ! ‘ನೀವು ತೆಳ್ಳಗಿದ್ದೀರಿ, ಪರೀಕ್ಷೆ ಬೇಡ’ ಎಂದು ವೈದ್ಯರು ಹೇಳಿದರೆ ಈ 23ನ್ನು ನೆನಪಿಸಿ, ಅಪ್ಪ ಅಮ್ಮನಿಗೆ ಶುಗರ್ ಇದ್ದರೆ ಅದನ್ನೂ ಹೇಳಿ. ಎ1ಸಿ 5.7ರಿಂದ 6.4 ಇದ್ದರೆ ಗಡಿರೇಖೆ, 6.5 ಮುಟ್ಟಿದರೆ ಮಧುಮೇಹ. ನಿಯಮಕ್ಕೊಳಪಟ್ಟ ತಪಾಸಣೆಗೆ ಕೈಯಿಂದ ಹಣ ಕೊಡಬೇಕಿಲ್ಲ. ಆದರೆ ಕಾಯಿಲೆ ಇದೆಯೆಂದು ಒಮ್ಮೆ ಬರೆದ ಮೇಲೆ ಅದೇ ರಕ್ತಪರೀಕ್ಷೆ ತಪಾಸಣೆಯಾಗಿ ಉಳಿಯದೆ ಚಿಕಿತ್ಸೆಯಾಗುತ್ತದೆ. ಬಿಲ್ಲು ಬಂದಾಗ ಗಾಬರಿಯಾಗಬೇಡಿ.

ಊರಿನಿಂದ ತಂದ ಮಾತ್ರೆಗಳ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ವೋಗ್ಲಿಬೋಸ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ನಮ್ಮಲ್ಲಿ ಬೀದಿ ಬೀದಿಯ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತವೆ, ಇಲ್ಲಿ ಮಾರಾಟದಲ್ಲೇ ಇಲ್ಲ. ಮೂರು ಔಷಧ ಬೆರೆಸಿದ ಒಂದೇ ಮಾತ್ರೆಯ ಬ್ರಾಂಡ್ ಹೆಸರು ಇಲ್ಲಿನ ವೈದ್ಯರಿಗೆ ಅರ್ಥವಾಗದು. ಒಳಗಿನ ಔಷಧಗಳ ಹೆಸರು ಮತ್ತು ಮಿಲಿಗ್ರಾಂ ಪ್ರಮಾಣವನ್ನು ಊರಿನ ವೈದ್ಯರಿಂದಲೇ ಬರೆಸಿ ತನ್ನಿ, ಬಂದ ಮೊದಲ ತಿಂಗಳಲ್ಲೇ ವೈದ್ಯರನ್ನು ಕಾಣಿ. ಮೆಟ್‌ಫಾರ್ಮಿನ್ ಅಗ್ಗ, ಕೆಲವೊಮ್ಮೆ ವಿಮೆ ತೋರಿಸದೆ ಕೊಂಡರೆ ಕೋಪೇಗಿಂತಲೂ (ವಿಮೆ ಇದ್ದರೂ ಪ್ರತಿ ಸಲ ನೀವು ಕೊಡಬೇಕಾದ ಪಾಲು) ಕಡಿಮೆ ಬೀಳುತ್ತದೆ. ಹೊಸ ದುಬಾರಿ ಚುಚ್ಚುಮದ್ದುಗಳಿಗೆ ಕಂಪನಿ ಪೂರ್ವಾನುಮತಿ ಕೇಳುತ್ತದೆ, ಮೊದಲು ಅಗ್ಗದ್ದು ನೋಡಿ ಬನ್ನಿ ಎನ್ನುತ್ತದೆ. ನಿರಾಕರಣೆಯ ಪತ್ರ ಬಂದರೆ ಎಸೆಯಬೇಡಿ. ಸಾಮಾನ್ಯವಾಗಿ 180 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು, ಅಲ್ಲೂ ಸೋತರೆ ಕಂಪನಿಯ ಹೊರಗಿನವರಿಂದ ಮರುಪರಿಶೀಲನೆ ಕೇಳಬಹುದು. ಊರಿನಲ್ಲಿದ್ದಾಗ ಪಡೆದ ಚಿಕಿತ್ಸೆಯ ಹಳೆಯ ಚೀಟಿಗಳು ಆಗ ಕೆಲಸಕ್ಕೆ ಬರುತ್ತವೆ.

ಅಪ್ಪ ಅಮ್ಮ ಆರು ತಿಂಗಳಿಗೆಂದು ಬರುವಾಗ ನಿಮ್ಮ ವಿಮೆ ಅವರಿಗೆ ತಗಲುವುದಿಲ್ಲ. ಪ್ರವಾಸಿ ವಿಮೆಗಳು ಮೊದಲೇ ಇರುವ ಶುಗರ್‌ನ ನಿತ್ಯದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ದಿಢೀರ್ ಉಲ್ಬಣಗೊಂಡರೆ ಮಾತ್ರ ಕೆಲವು ಕೊಡುತ್ತವೆ, ಅದೂ ವಯಸ್ಸು ನೋಡಿ. ಕೊಳ್ಳುವ ಮುನ್ನ ಆ ಒಂದು ಷರತ್ತನ್ನು ಎರಡು ಸಲ ಓದಿ. ಅವರ ಮಾತ್ರೆ, ವೈದ್ಯರ ಚೀಟಿ, ಗ್ಲುಕೋಮೀಟರ್ ಎಲ್ಲವೂ ಕೈಚೀಲದಲ್ಲೇ ಇರಲಿ, ಇನ್ಸುಲಿನ್ ಅಂತೂ ಲಗೇಜಿಗೆ ಹೋಗಲೇಕೂಡದು. ಆ ಮೀಟರಿನ ಸ್ಟ್ರಿಪ್‌ಗಳನ್ನು ಇರುವಷ್ಟು ದಿನಕ್ಕೂ ಲೆಕ್ಕ ಹಾಕಿ ತರಲು ಹೇಳಿ. ನಮ್ಮಮ್ಮ ಉಪ್ಪಿನಕಾಯಿಗೆ ಜಾಗ ಮಾಡಲು ಸ್ಟ್ರಿಪ್ ಡಬ್ಬಿಗಳನ್ನು ತೆಗೆದಿಟ್ಟು ಬಂದಿದ್ದರು.