ತುದಿಯೇ ಇಲ್ಲದ ಎಲಾಸ್ಟಿಕ್ ಲೇಸು: ನನ್ನ ಅನುಭವ

"ದಾರ ಸುತ್ತಿದರೆ ನಿಲ್ಲೋದಿಲ್ಲ ಸರ್, ರಬ್ಬರ್ ಜಾರಿಬಿಡುತ್ತೆ." ಶೂನ ಎಲಾಸ್ಟಿಕ್ ಲೇಸಿನ ತುದಿಯನ್ನು ದಾರ ಸುತ್ತಿ ಬಿಗಿಯುತ್ತೇನೆ ಅಂದಾಗ, ನಮ್ಮ ಬೀದಿಯ ತಿರುವಿನಲ್ಲಿ ಶೂ ರಿಪೇರಿ ಮಾಡುವ ಯಜಮಾನರು ಮೊದಲ ದಿನವೇ ಹೀಗೆ ಹೇಳಿದ್ದರು. ಭಾನುವಾರ ಬೆಳಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಜೊತೆಗೆ ಓಡುವ ಗೆಳೆಯರೂ ಅದನ್ನೇ ಹೇಳಿದರು. ಸುಮ್ನೆ ದುಡ್ಡು ಕೊಟ್ಟು ಲೇಸಿನ ತುದಿ ಹಿಡಿಯುವ ಒಳ್ಳೆಯ ಲಾಕ್ ತಗೋ ಅಂದರು. ಹೋದ ವರ್ಷ ಆ ದಾರ ಸುತ್ತಿದ ಲೇಸಿನಲ್ಲೇ ಗೋವಾದ ಐರನ್‌ಮ್ಯಾನ್ 70.3 ಟ್ರಯಥ್ಲಾನ್ ಮುಗಿಸಿದೆ. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಸೈಕಲ್ ಇಳಿದು ಎರಡೂ ಶೂ ಹಾಕಿಕೊಳ್ಳಲು ಹತ್ತು ಸೆಕೆಂಡೂ ಹಿಡಿಯಲಿಲ್ಲ. ಕೊನೆಯವರೆಗೆ ಬಗ್ಗಿ ಲೇಸು ಮುಟ್ಟಲಿಲ್ಲ. ಈಗ ಅದೇ ಗೆಳೆಯರಲ್ಲಿ ಒಂಬತ್ತು ಜನರ ಶೂಗಳಿಗೆ ನಾನೇ ಕಟ್ಟಿಕೊಟ್ಟಿದ್ದೇನೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಎಲಾಸ್ಟಿಕ್ ಲೇಸನ್ನು ಒಮ್ಮೆ ಬಿಗಿದರೆ ಆಯಿತು, ಕಟ್ಟುವ ಬಿಚ್ಚುವ ಕೆಲಸವಿಲ್ಲದೆ ಶೂ ಹಾಕಿ ತೆಗೆಯಬಹುದು. ಹೇಗೆ ಪೋಣಿಸಬೇಕು ಅನ್ನುವುದು ಓದುವವರಿಗೆ ಗೊತ್ತಿರುತ್ತೆ. ಎಲ್ಲರಿಗೂ ಕೈಕೊಡುವುದು ತುದಿ. ನಾನು ಬರೆಯುವುದೂ ತುದಿಯ ಬಗ್ಗೆ ಮಾತ್ರ.

ಮೊದಲು ದುಡ್ಡಿನ ಲೆಕ್ಕ. ಆರಂಭದಲ್ಲಿ ಪ್ಯಾಕೆಟ್ಟಿನಲ್ಲಿ ಬರುವ ಲೇಸು ಕೊಂಡೆ. ಜೊತೆಗೆ ಹೆಚ್ಚುಕಮ್ಮಿ 700 ರೂಪಾಯಿ. ಎರಡು ವರ್ಷದಲ್ಲಿ ಐದು ಜೊತೆ ಆಯಿತು. ಲೇಸಿನ ರಬ್ಬರ್ ಚೆನ್ನಾಗೇ ಇತ್ತು. ಹೋಗುತ್ತಿದ್ದದ್ದು ಸ್ಪ್ರಿಂಗ್ ಇರುವ ಒತ್ತುವ ಲಾಕ್. ಹೊಸದರಲ್ಲಿ ಗಟ್ಟಿ ಹಿಡಿಯುತ್ತೆ. ಬೆವರು ಮತ್ತು ಮಣ್ಣು ಸೇರಿದ ಮೇಲೆ ಸ್ಪ್ರಿಂಗಿಗೆ ತುಕ್ಕು ಬರುತ್ತೆ, ಹಲ್ಲು ಸವೆಯುತ್ತೆ. ಆಮೇಲೆ ಪ್ರತಿ ಎರಡು ಕಿಲೋಮೀಟರಿಗೆ ಒಂದಿಷ್ಟು ಜಾರುತ್ತೆ. ಒಂದು ಓಟದಲ್ಲಿ 14ನೇ ಕಿಲೋಮೀಟರಿನಲ್ಲಿ ಬಲಗಾಲಿನ ಲಾಕ್ ಕಳಚಿ ಎಲ್ಲೋ ಬಿದ್ದುಹೋಯಿತು. ಉಳಿದ ಏಳು ಕಿ.ಮೀ. ಹಿಮ್ಮಡಿ ಎದ್ದೇಳುವ ಶೂನಲ್ಲಿ ಓಡಿದೆ. ಹೆಬ್ಬೆರಳಿನ ಉಗುರು ಕಪ್ಪಾಗಿ ಎರಡು ತಿಂಗಳಿಗೆ ಬಿತ್ತು. ಆವತ್ತೇ ಲಾಕ್ ಬಿಡುವುದು ಅಂತ ತೀರ್ಮಾನ ಮಾಡಿದೆ.

ಟೈಲರ್ ಸಾಮಾನಿನ ಅಂಗಡಿಯಲ್ಲಿ 3 ಮಿ.ಮೀ. ರೌಂಡ್ ಎಲಾಸ್ಟಿಕ್ ಮೀಟರಿಗೆ ಹನ್ನೆರಡು ರೂಪಾಯಿಗೆ ಸಿಕ್ಕಿತು. ಬೆಂಗಳೂರಿಗೆ ಹೋದಾಗ ಚಿಕ್ಕಪೇಟೆಯಲ್ಲಿ ಇಡೀ ಉರುಳೆ ತಂದೆ, ಮೀಟರಿಗೆ ಆರೇಳು ರೂಪಾಯಿ ಬಿತ್ತು. ಒಂದು ಶೂಗೆ ಸುಮಾರು 80 ಸೆಂಟಿಮೀಟರ್ ಸಾಕು. ಅಂದರೆ ಜೊತೆಗೆ ಇಪ್ಪತ್ತು ರೂಪಾಯಿಯೂ ಆಗಲ್ಲ. ಕೊಳ್ಳುವಾಗ ಒಂದು ತುಂಡನ್ನು ಪೂರ್ತಿ ಎಳೆದು ನೋಡಿ. ಮೇಲಿನ ಹೆಣಿಗೆಯ ಸಂದಿಯಲ್ಲಿ ಒಳಗಿನ ಬಿಳಿ ರಬ್ಬರ್ ಕಂಡರೆ ಆ ಉರುಳೆ ಬೇಡ. ಆ ಸಂದಿಯಲ್ಲೇ ಮಣ್ಣು ಹೋಗಿ ರಬ್ಬರನ್ನು ತಿನ್ನುತ್ತೆ.

ಇನ್ನು ಕೆಟ್ಟದ್ದು ಏನೇನು ಅಂತ ಹೇಳುತ್ತೇನೆ. ಇದರಲ್ಲೇ ಒಂದೂವರೆ ವರ್ಷ ಹೋಯಿತು.

ಲೈಟರಿನಿಂದ ತುದಿ ಸುಟ್ಟೆ. ಸಾದಾ ಲೇಸಿಗೆ ಎಲ್ಲರೂ ಮಾಡುವುದು ಅದನ್ನೇ ಅಲ್ವಾ? ಇಲ್ಲಿ ಹೊರಗಿನ ಪಾಲಿಯೆಸ್ಟರ್ ಕರಗುತ್ತೆ, ಒಳಗಿನ ರಬ್ಬರ್ ಕರಗಲ್ಲ. ಹೊಗೆ ಬಿಟ್ಟು, ಅಂಟಂಟಾಗಿ, ಕಪ್ಪಾಗುತ್ತೆ. ಮೊದಲ ಸಲ ಎಳೆದಾಗಲೇ ಒಳಗಿನ ರಬ್ಬರ್ ಹಿಂದಕ್ಕೆ ಸರಿದುಕೊಂಡು ಖಾಲಿ ಚೀಲ ಉಳಿಯಿತು. ಫೆವಿಕ್ವಿಕ್ ಹಾಕಿದೆ. ಒಣಗಿದಾಗ ಕಲ್ಲಿನ ಹಾಗಾಯಿತು. ಮೂರನೇ ದಿನ ಅಂಟು ಮುಗಿದು ರಬ್ಬರ್ ಶುರುವಾಗುವ ಜಾಗದಲ್ಲೇ ಪಟಕ್ಕನೆ ಮುರಿಯಿತು.

ಗಂಟು ಹಾಕಿದೆ. ಒಂಟಿ ಗಂಟು ಒಂದೇ ಓಟಕ್ಕೆ ಬಿಚ್ಚಿತು. ಮೀನುಗಾರರ ಜೋಡಿ ಗಂಟು ಚೆನ್ನಾಗಿ ನಿಂತಿತು, ಆದರೆ ಕಡಲೆಕಾಳಿನಷ್ಟು ದಪ್ಪ. ಶೂ ನಾಲಿಗೆಯ ಮೇಲೆ ಕುಳಿತು ಪಾದದ ನರ ಒತ್ತುತ್ತಿತ್ತು. ಹತ್ತು ಕಿ.ಮೀ. ದಾಟಿದರೆ ಬೆರಳುಗಳು ಜುಮ್ಮೆನ್ನುತ್ತಿದ್ದವು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕರೆಂಟ್ ವೈರಿನ ತುದಿಗೆ ಹಾಕುವ ತಾಮ್ರದ ಸಣ್ಣ ಕೊಳವೆ, ಅಂದರೆ ಫೆರೂಲ್ ತಂದೆ. ಇಂಗ್ಲಿಷಿನಲ್ಲಿ ಅದಕ್ಕೆ ಬೂಟ್‌ಲೇಸ್ ಫೆರೂಲ್ ಅಂತಲೇ ಹೆಸರು, ನೋಡಲು ಲೇಸಿನ ತುದಿಯ ಹಾಗೇ ಇರುತ್ತೆ. ಹೆಸರು ನೋಡಿಯೇ ನನಗೆ ಆಸೆ ಹುಟ್ಟಿತ್ತು. ನೂರರ ಪ್ಯಾಕೆಟ್, ಅದನ್ನು ಒತ್ತಿ ಬಿಗಿಯುವ ಕ್ರಿಂಪಿಂಗ್ ಪ್ಲೈಯರ್, ಎಲ್ಲ ಸೇರಿ ಸಾವಿರದ ಹತ್ತಿರ. ಮೆತ್ತಗೆ ಒತ್ತಿದರೆ ಜಾರುತ್ತೆ, ಗಟ್ಟಿ ಒತ್ತಿದರೆ ಅಂಚು ಹೆಣಿಗೆಯನ್ನು ಕತ್ತರಿಸುತ್ತೆ. ನಡುವಿನ ಅಳತೆ ಕೊನೆಗೂ ಸಿಗಲಿಲ್ಲ. ತೊಂಬತ್ತಕ್ಕೂ ಹೆಚ್ಚು ಫೆರೂಲ್ ಇನ್ನೂ ಡಬ್ಬಿಯಲ್ಲಿವೆ.

ಬಿಸಿ ತಾಗಿದರೆ ಕುಗ್ಗಿ ಕೂರುವ ಪ್ಲಾಸ್ಟಿಕ್ ಕೊಳವೆ, ಹೀಟ್ ಶ್ರಿಂಕ್ ಸ್ಲೀವ್, ಅದೊಂದನ್ನೇ ಹಾಕಿ ನೋಡಿದೆ. ಚೆಂದ ಕಾಣುತ್ತೆ. ಎಳೆದರೆ ಕಾಲುಚೀಲ ಕಳಚಿದ ಹಾಗೆ ಕಳಚಿ ಬರುತ್ತೆ. ಅದರ ಜೊತೆ ದೊಡ್ಡ ನಷ್ಟವೂ ಆಯಿತು. ಸ್ಲೀವ್ ಕುಗ್ಗಿಸಲು ಲೈಟರ್ ಹಿಡಿದವನು ಆರು ಸಾವಿರದ ಶೂನ ಜಾಲರಿಗೆ ನಾಲ್ಕಾಣೆಯಗಲ ತೂತು ಮಾಡಿದೆ. ಹೆಂಡತಿಗೆ ಒಂದು ವಾರ ಹೇಳಿರಲಿಲ್ಲ.

ಇದೆಲ್ಲ ಯಾಕೆ ಕೆಡುತ್ತಿದೆ ಅಂತ ಗೊತ್ತಾದದ್ದು ಒಂದು ಸಂಜೆ ಸುಮ್ಮನೆ ಎಲಾಸ್ಟಿಕ್ ಎಳೆದಾಡುತ್ತಾ ಕುಳಿತಾಗ. ಎಳೆದಾಗ ಎಲಾಸ್ಟಿಕ್ ಸಣ್ಣಗಾಗುತ್ತೆ. 3 ಮಿ.ಮೀ. ಇದ್ದದ್ದು ಎರಡರಷ್ಟು ಉದ್ದ ಎಳೆದರೆ 2ರ ಹತ್ತಿರ ಬರುತ್ತೆ. ಸಡಿಲ ಇರುವಾಗ ಏನೇ ಬಿಗಿದರೂ, ಓಡುವಾಗ ಎಲಾಸ್ಟಿಕ್ ಎಳೆದು ಸಣ್ಣಗಾದ ಕೂಡಲೇ ಆ ಬಿಗಿ ಹೋಗುತ್ತೆ. ಗಂಟು, ಫೆರೂಲ್, ಸ್ಲೀವ್, ಎಲ್ಲದರ ಕಥೆಯೂ ಅಷ್ಟೇ. ಹಾಗಾದರೆ ಎಳೆದು ಹಿಡಿದೇ ಕಟ್ಟಬೇಕು. ಬಿಟ್ಟ ಮೇಲೆ ಎಲಾಸ್ಟಿಕ್ ಉಬ್ಬಿ ಕಟ್ಟಿನೊಳಗೆ ತಾನೇ ಬಿಗಿದುಕೊಳ್ಳಬೇಕು. ಯಜಮಾನರು ಜಾರುತ್ತೆ ಅಂದಿದ್ದು ಸಡಿಲ ಎಲಾಸ್ಟಿಕ್ಕಿಗೆ ಸರಿ. ಎಳೆದ ಎಲಾಸ್ಟಿಕ್ಕಿಗೆ ಅವರೂ ಸುತ್ತಿ ನೋಡಿರಲಿಲ್ಲ.

ಇನ್ನೊಂದು ಸುಳಿವು ಬೇರೆ ಕಡೆಯಿಂದ ಬಂತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಲೇಸಿನ ಗಂಟು ಯಾಕೆ ಬಿಚ್ಚುತ್ತೆ ಅಂತ ಸ್ಲೋ ಮೋಷನ್ ಕ್ಯಾಮೆರಾ ಇಟ್ಟು ನೋಡಿ 2017ರಲ್ಲಿ ಬರೆದಿದ್ದರು. ಓಡುವವನ ಕಾಲು ನೆಲಕ್ಕೆ ಬಡಿದಾಗ ಗುರುತ್ವದ ಏಳು ಪಟ್ಟು ಹೊಡೆತ ಬೀಳುತ್ತದಂತೆ. ಅದು ಗಂಟನ್ನು ಸಡಿಲ ಮಾಡುತ್ತೆ, ಕಾಲು ಬೀಸುವಾಗ ತೂಗಾಡುವ ತುದಿಗಳು ಅದನ್ನು ಎಳೆದು ಬಿಚ್ಚುತ್ತವೆ. ಎರಡೂ ಸೇರಿದರೇ ಬಿಚ್ಚುವುದು. ಓದಿದ ದಿನವೇ ತೂಗಾಡುವ ತುದಿಯೇ ಇರಬಾರದು ಅಂದುಕೊಂಡೆ. ಲೇಸಿನ ಎರಡು ತುದಿಗಳನ್ನೇ ಒಂದಕ್ಕೊಂದು ಸೇರಿಸಿದರೆ ಅದು ಬಳೆಯ ಹಾಗೆ ಒಂದೇ ಸುತ್ತು ಆಗುತ್ತೆ. ತೂಗಾಡಲು ಏನೂ ಇರಲ್ಲ.

ಈಗ ನಾನು ಮಾಡುವ ರೀತಿ. ಎಲಾಸ್ಟಿಕ್ಕಿನ ತುದಿಯಲ್ಲಿ ಹೊರ ಹೆಣಿಗೆಯನ್ನು ಹಿಂದಕ್ಕೆ ಸರಿಸಿ, ಒಳಗಿನ ರಬ್ಬರನ್ನು ಅರ್ಧ ಇಂಚು ಕತ್ತರಿಸಿ ತೆಗೆಯುತ್ತೇನೆ. ಹೆಣಿಗೆಯನ್ನು ಮತ್ತೆ ಮುಂದಕ್ಕೆ ತಂದರೆ ತುದಿಯಲ್ಲಿ ಖಾಲಿ ಚೀಲ. ಅದನ್ನು ಮಾತ್ರ ಕರಗಿಸಿ, ಒದ್ದೆ ಬೆರಳಲ್ಲಿ ಉರುಟಿದರೆ ಸೂಜಿಯ ಹಾಗೆ ಗಟ್ಟಿ ಮೊನೆ ಬರುತ್ತೆ. ತೂತುಗಳಲ್ಲಿ ಪೋಣಿಸಲು ಬೇರೆ ಏನೂ ಬೇಡ. ಬೆರಳು ಒದ್ದೆ ಮಾಡುವುದನ್ನು ಮರೆಯಬೇಡಿ, ಕರಗಿದ ಪಾಲಿಯೆಸ್ಟರ್ ಅಂಟಿಕೊಂಡರೆ ಚರ್ಮದ ಜೊತೆಗೇ ಬರುತ್ತೆ.

ಪೋಣಿಸಿದ ಮೇಲೆ ಶೂ ಹಾಕಿಕೊಂಡು ಎದ್ದು ನಿಲ್ಲಿ. ಕುಳಿತು ಅಳತೆ ತೆಗೆದರೆ ಕೆಟ್ಟಿತು. ಬೆಳಗ್ಗೆ ತೆಗೆದರೂ ಕೆಟ್ಟಿತು. ಉದ್ದ ಓಟ ಮುಗಿಸಿ ಪಾದ ಊದಿಕೊಂಡಿರುವಾಗ ತೆಗೆದ ಅಳತೆಯೇ ಸರಿ. ಎರಡು ತುದಿಗಳು ನಾಲಿಗೆಯ ಮೇಲೆ ಎಲ್ಲಿ ಎದುರಾಗುತ್ತವೆಯೋ ಅಲ್ಲಿ ಬಾಲ್‌ಪೆನ್ ಗುರುತು ಹಾಕಿ.

ಶೂ ಬಿಚ್ಚಿ, ಸ್ಲೀವಿನ ತುಂಡನ್ನು ಮೊದಲೇ ಒಂದು ಕಡೆಗೆ ಏರಿಸಿಡಿ. ಇದನ್ನು ಮರೆತು ಮೂರು ಸಲವಾದರೂ ಪೂರ್ತಿ ಬಿಚ್ಚಿದ್ದೇನೆ. ಎರಡು ತುದಿಗಳು ಪಕ್ಕಪಕ್ಕ, ಎದುರುಬದುರಾಗಿ, ಎರಡು ಸೆಂಟಿಮೀಟರ್ ಒಂದನ್ನೊಂದು ದಾಟಿ ಬರಬೇಕು. ನಾನು ಒಂದು ಹಲಗೆಗೆ ಎರಡು ಮೊಳೆ ಹೊಡೆದುಕೊಂಡಿದ್ದೇನೆ. ಎರಡು ಕಡೆಗೂ ಕಾಗದ ಹಿಡಿಯುವ ಗಟ್ಟಿ ಕ್ಲಿಪ್ ಹಾಕಿ, ಎಳೆದು ಮೊಳೆಗೆ ಸಿಗಿಸಿಬಿಡುತ್ತೇನೆ. ಕೈ ಎರಡೂ ಖಾಲಿ. ಆಮೇಲೆ ಶೂ ಹೊಲಿಯುವ ಮೇಣದ ದಾರದಲ್ಲಿ ಒತ್ತೊತ್ತಾಗಿ ಹದಿನೈದು ಹದಿನಾರು ಸುತ್ತು. ಸುತ್ತಿನ ಆಚೆ ರಬ್ಬರ್ ಇರುವ ಬಾಲ ಅರ್ಧ ಸೆಂಟಿಮೀಟರ್ ಉಳಿಯಲೇಬೇಕು. ಕ್ಲಿಪ್ ಬಿಟ್ಟ ಕೂಡಲೇ ಆ ಬಾಲ ಅಣಬೆಯ ತಲೆಯ ಹಾಗೆ ಉಬ್ಬುತ್ತೆ. ಮುಂದಕ್ಕೆ ಜಾರಲು ಜಾಗವೇ ಇಲ್ಲ. ಮೊದಲ ಸಲ ಅದು ಉಬ್ಬಿದ್ದು ನೋಡಿದಾಗ ಅಡುಗೆಮನೆಗೆ ಓಡಿಹೋಗಿ ಹೆಂಡತಿಗೆ ತೋರಿಸಿದೆ.

ಎಷ್ಟು ಎಳೆಯಬೇಕು ಅಂದರೆ, ಪೂರ್ತಿ ಹಿಗ್ಗುವಷ್ಟು ಬೇಡ. ಪೂರ್ತಿ ಎಳೆದು ಕಟ್ಟಿದರೆ ಬಿಟ್ಟ ಮೇಲೆ ದಾರವೇ ರಬ್ಬರನ್ನು ಕೊಯ್ಯುತ್ತೆ. ಸರಿಯಾದ ಜಾಗ ನನ್ನ ಹಲಗೆಯ ಎರಡನೇ ಮೊಳೆಗೆ ಗೊತ್ತು. ಸುತ್ತುವ ಮೊದಲು ದಾರಕ್ಕೆ ಏನು ಸವರುತ್ತೇನೆ, ಕೊನೆಯನ್ನು ಗಂಟಿಲ್ಲದೆ ಹೇಗೆ ಒಳಗೆ ಸೇರಿಸುತ್ತೇನೆ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಒಂದೂವರೆ ವರ್ಷ ಕಳೆದು ಕಲಿತದ್ದು. ಮೈಸೂರಿಗೆ ಬಂದರೆ ಮನೆಯಲ್ಲೇ ಕೂರಿಸಿ ತೋರಿಸುತ್ತೇನೆ.

ಸ್ಲೀವ್ ಕುಗ್ಗಿಸಲು ಈಗ ಲೈಟರ್ ಮುಟ್ಟಲ್ಲ. ತಲೆ ಒಣಗಿಸುವ ಡ್ರೈಯರ್ ಬಿಸಿ ಸಾಕಾಗಲಿಲ್ಲ. ಸೋಲ್ಡರಿಂಗ್ ಐರನ್ನಿನ ಕೊಳವೆಯನ್ನು ಮುಟ್ಟಿಸದೆ ಹತ್ತಿರ ಆಡಿಸಿದರೆ ಅರ್ಧ ನಿಮಿಷದಲ್ಲಿ ಕುಗ್ಗುತ್ತೆ. ಕೆಳಗೆ ಚರ್ಮದ ತುಂಡು ಇಟ್ಟುಕೊಳ್ಳಿ. ಸ್ಲೀವ್ ಇಲ್ಲಿ ಬಿಗಿಯುವ ಕೆಲಸ ಮಾಡುವುದಿಲ್ಲ, ಮೇಣದ ದಾರಕ್ಕೆ ಮಣ್ಣು ತಾಗದ ಹಾಗೆ ಕಾಯುತ್ತೆ ಅಷ್ಟೆ.

ಈ ಕಟ್ಟಿನ ಮೊದಲ ಜೊತೆ ಸುಮಾರು 800 ಕಿ.ಮೀ. ಓಡಿತು. ಕೊನೆಗೆ ಶೂನ ಅಡಿಯೇ ಸವೆಯಿತು, ಕಟ್ಟು ಹಾಗೇ ಇತ್ತು. ಅದನ್ನು ಬಿಚ್ಚದೆ ಯಜಮಾನರಿಗೆ ಕೊಟ್ಟೆ. ಇಕ್ಕಳದಲ್ಲಿ ಹಿಡಿದು ನಾಲ್ಕೈದು ಸಲ ಜಗ್ಗಿದರು. "ನಿಂತಿದೆ ಬಿಡಿ" ಅಂದರು. ಈಗ ಮೇಣದ ದಾರವನ್ನು ಅವರೇ ಕೊಡುತ್ತಾರೆ, ದುಡ್ಡು ತಗೊಳ್ಳಲ್ಲ.

ನಡುವೆ ಇನ್ನೂ ಕೆಲವು ಪ್ರಯೋಗ ಮಾಡಿದ್ದೇನೆ. ಪಂಕ್ಚರ್ ಅಂಗಡಿಯ ಹಳೆ ಸೈಕಲ್ ಟ್ಯೂಬನ್ನು ಉದ್ದುದ್ದ ಪಟ್ಟಿ ಸೀಳಿ ಲೇಸು ಮಾಡಿದೆ. ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ 1820ರಲ್ಲೇ ರಬ್ಬರ್ ಪಟ್ಟಿಗಳನ್ನು ಕೈಗವಸು, ಶೂಗಳಿಗೆ ಬಳಸಲು ಪೇಟೆಂಟ್ ಪಡೆದಿದ್ದ. ಅವನ ಕೈಯಲ್ಲಿ ಆದದ್ದು ನನ್ನ ಕೈಯಲ್ಲೂ ಆಗಬಹುದು ಅಂದುಕೊಂಡೆ. ಕತ್ತರಿಯ ಅಂಚಿನಲ್ಲಿ ಒಂದು ಸಣ್ಣ ಗೀರು ಇದ್ದರೂ ಅಲ್ಲಿಂದಲೇ ಹರಿಯುತ್ತೆ. ಎಳೆದು ಬಿಟ್ಟರೆ ಸೋಮಾರಿಯ ಹಾಗೆ ನಿಧಾನಕ್ಕೆ ವಾಪಸ್ ಬರುತ್ತೆ. ಬಿಟ್ಟುಬಿಟ್ಟೆ. ಬಿಗಿ ತೂತುಗಳಲ್ಲಿ ಸುಲಭವಾಗಿ ನುಗ್ಗಲಿ ಅಂತ ಒಂದು ಜೊತೆಗೆ ಕೊಬ್ಬರಿ ಎಣ್ಣೆ ಸವರಿದೆ. ತಿಂಗಳೊಳಗೆ ಒಳಗಿನ ರಬ್ಬರ್ ಊದಿ ಮೆತ್ತಗಾಯಿತು. ಸೈಕಲ್ ಚೈನ್ ಮುಟ್ಟಿದ ಕೈಯಲ್ಲಿ ಕೂಡ ಲೇಸು ಮುಟ್ಟಬೇಡಿ. ತೊಳೆದ ಶೂಗಳನ್ನು ಕಾಂಪೌಂಡ್ ಗೋಡೆ ಮೇಲೆ ಬಿಸಿಲಿಗೆ ಇಡುವ ಅಭ್ಯಾಸವನ್ನೂ ಬಿಡಬೇಕಾಯಿತು. ಒಂದೇ ಬೇಸಿಗೆಗೆ ಎರಡು ಜೊತೆ ಸತ್ತವು.

ಸೋದರಮಾವನಿಗೆ ಮಂಡಿ ಆಪರೇಷನ್ ಆದ ಮೇಲೆ ಬಗ್ಗಲು ಆಗುತ್ತಿರಲಿಲ್ಲ. ಅತ್ತೆ ದಿನಾ ಲೇಸು ಕಟ್ಟಿಕೊಡಬೇಕಿತ್ತು. ಅವರ ಶೂಗೆ 2.5 ಮಿ.ಮೀ. ಎಲಾಸ್ಟಿಕ್ ಹಾಕಿ, ನನ್ನದಕ್ಕಿಂತ ಒಂದೂವರೆ ಬೆರಳು ಸಡಿಲ ಇಟ್ಟು ಕಟ್ಟಿದೆ. ಉದ್ದ ಹಿಡಿಯ ಶೂಹಾರ್ನ್ ಒಂದು ಕೊಟ್ಟೆ. ಮಾರನೇ ದಿನ ಬೆಳಗ್ಗೆ ಆರಕ್ಕೇ ಫೋನ್ ಬಂತು. "ಏನಪ್ಪಾ, ಪಾರ್ಕಿಗೆ ಒಬ್ಬನೇ ಬಂದಿದ್ದೀನಿ ಕಣೋ" ಅಂದರು. ಗೋವಾದ ಪದಕಕ್ಕಿಂತ ಆ ಫೋನ್ ನನಗೆ ದೊಡ್ಡದು.

ಕುಮಾರ ಪರ್ವತಕ್ಕೆ ಮಾತ್ರ ಇದನ್ನು ಹಾಕಿಕೊಂಡು ಹೋಗಬೇಡಿ. ಹತ್ತುವಾಗ ಏನೂ ಗೊತ್ತಾಗಲ್ಲ. ಇಳಿಯುವಾಗ ಪಾದ ಮುಂದೆ ಜಾರುತ್ತೆ, ಎಲಾಸ್ಟಿಕ್ ಅದನ್ನು ತಡೆಯಲ್ಲ. ಬೆಟ್ಟಕ್ಕೆ ಸಾದಾ ಲೇಸೇ ಬೇಕು. ಬೆಳೆಯುವ ಮಕ್ಕಳ ಸ್ಕೂಲ್ ಶೂಗೂ ನಾನು ಒಪ್ಪಲ್ಲ, ಪಾದ ಬೆಳೆದದ್ದು ಎಲಾಸ್ಟಿಕ್ಕಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಶೂ ಒಗೆಯುವಾಗ ಲೇಸು ಹೇಗೆ ತೆಗೆಯುವುದು ಅಂತ ಎಲ್ಲರೂ ಕೇಳುತ್ತಾರೆ. ನಾನು ತೆಗೆಯುವುದೇ ಇಲ್ಲ, ಹಾಗೇ ಬಕೆಟ್ಟಿಗೆ ಹಾಕುತ್ತೇನೆ, ನೆರಳಲ್ಲಿ ಒಣಗಿಸುತ್ತೇನೆ. ತೆಗೆಯಲೇಬೇಕಾದರೆ ಬ್ಲೇಡ್ ಬೇಡ. ಸ್ಲೀವನ್ನೂ ಮೇಣದ ದಾರವನ್ನೂ ಉಗುರು ಕತ್ತರಿಸುವ ಕಟ್ಟರಿನಲ್ಲಿ ಮೇಲಿಂದ ಒಂದೊಂದೇ ಚೂರು ಕಚ್ಚಿಸಿ. ರಬ್ಬರಿಗೆ ಗೀರು ಬೀಳದಿದ್ದರೆ ಅದೇ ಲೇಸನ್ನು ಇನ್ನೊಂದು ಶೂಗೆ ಮತ್ತೆ ಕಟ್ಟಬಹುದು. ನಾನು ಒಂದನ್ನು ಮೂರು ಶೂಗಳಿಗೆ ಕಟ್ಟಿದ್ದೇನೆ.