‘ಮಾತ್ರೆ ಯಾಕೆ ತಪ್ಪಿಸಿದ್ರಿ?’ ಅಂತ ಕೇಳೋದನ್ನು ಬಿಟ್ಟೆ

ಎಚ್‌ಐವಿ ಚಿಕಿತ್ಸಾ ಕೇಂದ್ರಕ್ಕೆ ಕೌನ್ಸೆಲರ್ ಆಗಿ ಸೇರಿದ ಮೊದಲ ವರ್ಷ ನಾನು ಎಲ್ಲಕ್ಕಿಂತ ಜಾಸ್ತಿ ಬರೆದ ಪದ ‘ನಿರ್ಲಕ್ಷ್ಯ’. ಮಾತ್ರೆ ಒಯ್ಯೋಕೆ ಕೇಂದ್ರಕ್ಕೆ ಬಾರದವರ, ಮಾತ್ರೆ ತಪ್ಪಿಸಿದವರ ಹೆಸರಿನ ಮುಂದೆ ‘ಕಾರಣ’ ಅಂತ ಒಂದು ಕಾಲಂ ಇತ್ತು. ಎರಡು ಬೆರಳಿನಷ್ಟು ಅಗಲ. ಅದರಲ್ಲಿ ಆ ಪದ ಸಲೀಸಾಗಿ ಹಿಡಿಸುತ್ತಿತ್ತು.

ಒಮ್ಮೆ ಒಬ್ಬ ಮಹಿಳೆ ಬಾಟಲಿ ತಂದರು. ಎಣಿಸಿದೆ. ಮೂವತ್ತರಲ್ಲಿ ಹನ್ನೊಂದು ಹಾಗೇ ಉಳಿದಿತ್ತು. ಹಿಂದಿನ ತಿಂಗಳೂ ಇದೇ ಕತೆ. ನನಗೆ ರೇಗಿತು. ‘ರಾತ್ರಿ ಮಲಗುವಾಗ ಒಂದು ಅಂತ ಎಷ್ಟು ಸಲ ಹೇಳೋದು?’ ಅಂದೆ.

‘ಮೇಡಂ, ನಾನು ರಾತ್ರಿ ಮಲಗಲ್ಲ’ ಅಂದರು.

ಅವರು ಲೈಂಗಿಕ ವೃತ್ತಿಯಲ್ಲಿದ್ದಾರೆ ಅಂತ ಫೈಲಿನ ಮೊದಲ ಪುಟದಲ್ಲೇ ಇತ್ತು. ಆ ಪುಟ ಬರೆದದ್ದೂ ನಾನೇ! ಆಗ ಕೊಡುತ್ತಿದ್ದ ಮಾತ್ರೆಯಲ್ಲಿ ಎಫಾವಿರೆಂಜ್ ಅನ್ನೋ ಔಷಧ ಇತ್ತು. ನುಂಗಿದ ಮೇಲೆ ಕೆಲವರಿಗೆ ತಲೆ ಸುತ್ತುತ್ತದೆ, ಮಂಪರು ಬರುತ್ತದೆ. ಅದು ನಿದ್ದೆಯಲ್ಲೇ ಕಳೆದುಹೋಗಲಿ ಅಂತಲೇ ಮಲಗುವಾಗ ತಗೊಳ್ಳಿ ಅನ್ನೋದು. ರಾತ್ರಿ ನಿದ್ದೆ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತು ಅದು. ‘ತಲೆ ತಿರುಗ್ತಾ ಇದ್ರೆ ಗಿರಾಕಿ ಹತ್ರ ಕಾಂಡೋಮ್ ಹಾಕ್ಕೊ ಅಂತ ಜಗಳ ಆಡೋಕೆ ಆಗುತ್ತಾ?’ ಅಂತ ಅವರು ಕೇಳಿದರು. ಕೆಲಸವಿದ್ದ ರಾತ್ರಿ ಅವರು ಮಾತ್ರೆ ಬಿಡುತ್ತಿದ್ದದ್ದು ಮೈಮೇಲೆ ಎಚ್ಚರ ಇರಲಿ ಅಂತ. ನಾನು ಅದಕ್ಕೆ ನಿರ್ಲಕ್ಷ್ಯ ಅಂತ ಬರೆದಿದ್ದೆ.

ಡಾಕ್ಟರ ಹತ್ತಿರ ಮಾತಾಡಿ, ಅವರು ಮಲಗುವ ಹೊತ್ತಿಗೆ, ಅಂದರೆ ಬೆಳಗಿನ ಜಾವಕ್ಕೆ ಮಾತ್ರೆಯ ಹೊತ್ತನ್ನು ಬದಲಾಯಿಸಿದೆವು. ಹತ್ತು ನಿಮಿಷದ ಕೆಲಸ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಡೊಲುಟೆಗ್ರಾವಿರ್ ಅನ್ನೋ ಇನ್ನೊಂದು ಔಷಧವನ್ನು ಮೊದಲ ಆಯ್ಕೆ ಮಾಡಿ ಅಂತ ಹೇಳಿದ ಮೇಲೆ ಈ ಮಂಪರಿನ ತಾಪತ್ರಯ ಬಹಳ ಕಡಿಮೆಯಾಯಿತು.

ಅವತ್ತೇ ಒಂದು ನೋಟ್‌ಬುಕ್ ತಂದೆ. ಬಾರದವರು ಸಿಕ್ಕಾಗ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯತೊಡಗಿದೆ. ‘ಯಾಕೆ ತಪ್ಪಿಸಿದ್ರಿ’ ಅಂದರೆ ಜನ ತಲೆ ತಗ್ಗಿಸಿ ‘ಮರೆತೆ’ ಅಂದುಬಿಡುತ್ತಾರೆ. ಮುಂದಕ್ಕೆ ಮಾತೇ ಹೊರಡಲ್ಲ. ಅದಕ್ಕೆ ‘ಮಾತ್ರೆ ತಗೊಳ್ಳೋದು ಯಾವ ದಿನ ಕಷ್ಟ ಆಯ್ತು? ಆ ದಿನ ಏನೇನಾಯ್ತು?’ ಅಂತ ಕೇಳಿ ಸುಮ್ಮನೆ ಕೂತೆ. ಸುಮ್ಮನೆ ಕೂರೋದೇ ಕಷ್ಟದ ಭಾಗ, ಹೊರಗೆ ಸಾಲು ಬೆಳೀತಾ ಇರುತ್ತೆ ಅಲ್ವಾ.

ಒಬ್ಬರು ಬಾಟಲಿಯೊಳಗೆ ಹತ್ತಿ ತುರುಕಿ ಇಟ್ಟುಕೊಂಡಿದ್ದರು. ಮಾತ್ರೆ ಗಲಗಲ ಅಂದರೆ ಪಕ್ಕದ ಹಾಸಿಗೆಯವರು ಕೇಳುತ್ತಾರೆ. ಒಂದೇ ಕೋಣೆಯಲ್ಲಿ ಆರು ಜನ. ಹಗಲಲ್ಲಿ ಬಾಟಲಿ ಮುಟ್ಟೋ ಹಾಗೇ ಇಲ್ಲ. ಇನ್ನೊಬ್ಬರು ದಿನಗೂಲಿಯವರು. ನಮ್ಮ ಬಾಗಿಲು ತೆರೆಯುವುದೂ ಮುಚ್ಚುವುದೂ ಅವರ ಕೆಲಸದ ಹೊತ್ತಿನೊಳಗೇ. ಮಾತ್ರೆ ಪುಕ್ಕಟೆ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಅವರಿಗೆ ಅದರ ಬೆಲೆ ತಿಂಗಳಿಗೊಂದು ದಿನದ ಕೂಲಿ. ಮೇಸ್ತ್ರಿಗೆ ಹೇಳಿಕೊಳ್ಳಬೇಕಾದ ಸುಳ್ಳು ಬೇರೆ.

ಆರೋಗ್ಯ ಸ್ಥಿರವಾಗಿದ್ದು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಹತೋಟಿಯಲ್ಲಿರುವವರಿಗೆ ಮೂರರಿಂದ ಆರು ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿತ್ತು. ನಮ್ಮಲ್ಲಿ ಹಾಗೆ ಕೊಡೋಕೆ ಬೇರೆಯದೇ ಶರತ್ತು ಇತ್ತು. ಹಿಂದಿನ ಎಲ್ಲ ತಿಂಗಳೂ ತಪ್ಪದೆ ಬಂದಿರಬೇಕು. ಅಂದರೆ ಬಿಡುವಿದ್ದವರಿಗೇ ಇನ್ನಷ್ಟು ಬಿಡುವು! ವೈರಲ್ ಲೋಡ್ ಚೆನ್ನಾಗಿದ್ದರೂ ತಡವಾಗಿ ಬರುತ್ತಿದ್ದವರ ಪಟ್ಟಿ ಮಾಡಿ, ನೋಟ್‌ಬುಕ್ ಸಮೇತ ಡಾಕ್ಟರ ಮುಂದಿಟ್ಟೆ. ಮೊದಲ ಸಲ ಒಪ್ಪಲಿಲ್ಲ. ಮೂರನೇ ಸಲ ಒಪ್ಪಿದರು.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಚಿಕಿತ್ಸೆಯಿಂದ ವೈರಲ್ ಲೋಡ್ ಒಂದು ಮಿಲಿಲೀಟರಿಗೆ 200ಕ್ಕಿಂತ ಕೆಳಗೆ ನಿಂತವರಿಂದ ಲೈಂಗಿಕ ಸಂಪರ್ಕದ ಮೂಲಕ ಎಚ್‌ಐವಿ ಹರಡುವುದಿಲ್ಲ. ಪಾರ್ಟ್‌ನರ್ ಅಧ್ಯಯನದಲ್ಲಿ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ವರ್ಷಗಟ್ಟಲೆ ನೋಡಿದರು. 2016ರಲ್ಲೂ, 2019ರಲ್ಲಿ ಗಂಡು-ಗಂಡು ಜೋಡಿಗಳ ಫಲಿತಾಂಶದಲ್ಲೂ, ಹತೋಟಿಯಲ್ಲಿದ್ದ ಸಂಗಾತಿಯಿಂದ ಬಂದ ಸೋಂಕು ಸೊನ್ನೆ. ಇದನ್ನು ನಾನು ಮದುವೆಯಾದ ದಂಪತಿಗಳಿಗೆ ಹೇಳುತ್ತಿದ್ದೆ. ಲೈಂಗಿಕ ವೃತ್ತಿಯವರಿಗೆ, ಸಲಿಂಗಿ ಹುಡುಗರಿಗೆ ಹೇಳುತ್ತಿರಲಿಲ್ಲ. ‘ಆಮೇಲೆ ಕಾಂಡೋಮ್ ಬಿಟ್ಟುಬಿಡ್ತಾರೆ’ ಅನ್ನೋದು ನನ್ನ ಲೆಕ್ಕ. ಯಾರನ್ನು ನಂಬಬಹುದು ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಈಗ ಎಲ್ಲರಿಗೂ ಹೇಳುತ್ತೇನೆ. ಕಾಂಡೋಮ್ ಉಳಿದ ಲೈಂಗಿಕ ಕಾಯಿಲೆಗಳನ್ನೂ ಬೇಡದ ಬಸಿರನ್ನೂ ತಡೆಯುತ್ತದೆ ಅಂತಲೂ ಅದೇ ಉಸಿರಿನಲ್ಲಿ ಹೇಳುತ್ತೇನೆ. ಮೊದಲ ಸಲ ಕೇಳಿದ ಒಬ್ಬ ಹುಡುಗ ‘ಇದನ್ನ ಎರಡು ವರ್ಷದ ಹಿಂದೆ ಯಾಕೆ ಹೇಳಲಿಲ್ಲ?’ ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎಲ್ಲವೂ ಸರಿಹೋಯಿತು ಅಂತೇನಲ್ಲ. ಒಬ್ಬ ಟ್ರಾನ್ಸ್ ಮಹಿಳೆ ಬರುತ್ತಿದ್ದರು. ಹಾಲ್ ತುಂಬ ಜನ ಕೂತಿದ್ದಾಗ ದಾಖಲೆಯಲ್ಲಿದ್ದ ಗಂಡು ಹೆಸರನ್ನು ಜೋರಾಗಿ ಕೂಗಿದೆವು. ಅವರು ಎದ್ದರು. ನಮ್ಮ ಕಡೆ ಬರದೆ ಬಾಗಿಲ ಕಡೆ ನಡೆದರು. ಮತ್ತೆ ಬಂದದ್ದು ಎಂಟು ತಿಂಗಳ ಮೇಲೆ, ಕೆಮ್ಮು ಹತ್ತಿಸಿಕೊಂಡು. ಆಮೇಲೆ ಎಲ್ಲರಿಗೂ ಟೋಕನ್ ನಂಬರ್ ಕೂಗುವ ಪದ್ಧತಿ ಮಾಡಿದೆವು. ಲ್ಯಾಬ್ ವರದಿಯಲ್ಲಿ ಮಾತ್ರ ಹಳೇ ಹೆಸರೇ ಬರುತ್ತದೆ. ಗುರುತಿನ ಚೀಟಿ ಬದಲಾಗದೆ ಅದು ಬದಲಾಗಲ್ಲ. ಸದ್ಯಕ್ಕೆ ಹೆಸರಿನ ಭಾಗ ಒಳಗೆ ಹೋಗುವ ಹಾಗೆ ಮಡಚಿ, ಅವರ ಕೈಗೆ ಕೊಡುತ್ತೇನೆ.