ಹೈದರ್ ಬಂದ ದಾರಿಯಲ್ಲಿ ಗಂಟೆಗೆ ಹತ್ತು ಕಿಲೋಮೀಟರ್

ಮೊದಲೇ ಹೇಳಿಬಿಡುತ್ತೇನೆ, ನಾನು ದೊಡ್ಡ ಸೈಕಲ್ ಸವಾರನೇನಲ್ಲ. ವಯಸ್ಸು ನಲವತ್ತೇಳು, ಸೊಂಟದ ಸುತ್ತ ಒಂದಿಷ್ಟು ಬೊಜ್ಜು ಬೇರೆ. ಇವತ್ತು ಎಷ್ಟು ಕಿಲೋಮೀಟರ್ ಹೊಡೆದೆ ಅಂತ ಮೊಬೈಲಲ್ಲಿ ತೋರಿಸುವ ಚಟವೂ ಇಲ್ಲ. ಕೆರೆ ಕಂಡರೆ ನಿಲ್ಲುತ್ತೇನೆ. ಚಹಾ ಅಂಗಡಿ ಕಂಡರಂತೂ ಕೇಳೋದೇ ಬೇಡ.

2025ರ ಜನವರಿಯಲ್ಲಿ ನಾನು, ನನ್ನ ಹೆಂಡತಿಯ ತಮ್ಮ (ನಾನು ಅವನಿಗೆ, ಅವನು ನನಗೆ ಭಾವ) ಇಬ್ಬರೂ ಶಿವಮೊಗ್ಗದಿಂದ ಹೊರಟು, ಆನಂದಪುರ, ಸಾಗರ, ನಗರ, ತೀರ್ಥಹಳ್ಳಿ ಸುತ್ತಿ ಐದು ದಿನಕ್ಕೆ ಮನೆಗೆ ಬಂದೆವು. ಕಾರಿನಲ್ಲಾದರೆ ಒಂದೇ ದಿನದ ಕೆಲಸ. ಈ ಊರುಗಳನ್ನೆಲ್ಲ ಬಸ್ಸಿನ ಕಿಟಕಿಯಿಂದ ನೂರು ಸಲ ನೋಡಿದ್ದೇನೆ. ಆದರೆ ಬಿದನೂರಿನ, ಅಂದರೆ ಈಗಿನ ನಗರದ, ಕೋಟೆ ಯಾಕೆ ಅಲ್ಲೇ ಇದೆ ಅಂತ ಗೊತ್ತಾಗಿದ್ದು ತೊಡೆ ನೋವು ಬಂದಮೇಲೆ.

ಸೈಕಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನನ್ನದು ಎಂಟು ವರ್ಷದ ಹಳೇ ಗೇರ್ ಸೈಕಲ್. ಮುಂದಿನ ಚಿಕ್ಕ ಚಕ್ರಕ್ಕೆ 28 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೆ 34 ಹಲ್ಲು. ಮಲೆನಾಡಿಗೆ ಇದೊಂದೇ ಲೆಕ್ಕ ಮುಖ್ಯ. ಹಿಂದಿನದು ಮುಂದಿನದಕ್ಕಿಂತ ದೊಡ್ಡದಿದ್ದರೆ ಸಾಮಾನು ಹೇರಿಕೊಂಡೂ ಚಡಾವನ್ನು ಕೂತೇ ಹತ್ತಬಹುದು. ಭಾವನ ಸೈಕಲ್ಲು ನೋಡೋಕೆ ಚೆಂದ, ತೂಕವೂ ಕಡಿಮೆ, ಆದರೆ ಅದರಲ್ಲಿ ಅಷ್ಟು ಇಳಿಸುವ ಗೇರೇ ಇಲ್ಲ. ಅರ್ಧ ಮಲೆನಾಡನ್ನು ಅವನು ಸೈಕಲ್ ತಳ್ಳಿಕೊಂಡೇ ನೋಡಿದ. ಉಳಿದಂತೆ ಎರಡು ಟ್ಯೂಬು, ಪಂಪು, ಬ್ರೇಕಿನ ರಬ್ಬರು, ಒಂದು ಜೊತೆ ಬಟ್ಟೆ. ಮತ್ತೆ ಡೆಪಾ ಎಣ್ಣೆ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ. ಚಳಿಗಾಲದಿಂದ ಬೇಸಿಗೆಯವರೆಗೆ ನಮ್ಮ ಕಾಡಿನಲ್ಲಿ ಮಂಗನ ಕಾಯಿಲೆ ಹರಡುವ ಉಣ್ಣೆ ಹುಳ ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಅದು. ಒಣಎಲೆ ಮೇಲೆ ಕೂತು ಬುತ್ತಿ ಬಿಚ್ಚುವ ಮೊದಲು ಕಾಲಿಗೆ ಎಣ್ಣೆ ಸವರಿಕೊಳ್ಳಿ, ಸಂಜೆ ಬಟ್ಟೆ ಬಿಸಿನೀರಲ್ಲಿ ನೆನೆಸಿ.

ಮೊದಲ ದಿನ ಆನಂದಪುರದವರೆಗೆ, ಸುಮಾರು 50 ಕಿ.ಮೀ. ಅಲ್ಲಿ ನಮ್ಮ ಅತ್ತೆ ಮನೆ ಇದೆ, ಅದಕ್ಕೇ ಅಲ್ಲಿಗೆ. ಆಯನೂರು, ಕುಂಸಿ ದಾಟಿ ಹೋಗುವ ಈ ಹೆದ್ದಾರಿಯಲ್ಲಿ ಲಾರಿ ಕಾಟ. ಬೆಳಿಗ್ಗೆ ಆರಕ್ಕೇ ಹೊರಟರೆ ಬಚಾವ್. 1763ರಲ್ಲಿ ಹೈದರಾಲಿಯ ಸೈನ್ಯ ಬಿದನೂರು ಹಿಡಿಯಲು ಬಂದಿದ್ದೂ ಇದೇ ದಿಕ್ಕಿನಲ್ಲಿ: ಶಿವಮೊಗ್ಗ, ಕುಂಸಿ, ಆನಂದಪುರ. ಬಿದನೂರಿನಿಂದ ಆಳುತ್ತಿದ್ದ ಕೆಳದಿಯ ರಾಣಿ ವೀರಮ್ಮಾಜಿಯ ಕಡೆಯಿಂದ ದಾರಿಯುದ್ದಕ್ಕೂ ಹಣ ಕೊಡ್ತೀವಿ, ವಾಪಸ್ ಹೋಗಿ ಅಂತ ಸಂಧಾನ ಬರುತ್ತಲೇ ಇತ್ತು. ಆತ ನಿಲ್ಲಲಿಲ್ಲ. ಕುಂಸಿಯಲ್ಲಿ ಸೆರೆಯಲ್ಲಿದ್ದ ಹಳೆಯ ಮಂತ್ರಿಯೊಬ್ಬ ಬಿದನೂರಿಗೆ ನುಗ್ಗುವ ಗುಟ್ಟಿನ ದಾರಿ ತೋರಿಸಿದ ಅಂತ ಕಥೆ.

ನಾವು ಕುಂಸಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಈ ಕಥೆ ಮಾತಾಡಿಕೊಳ್ಳುತ್ತಿದ್ದೆವು. ಪಕ್ಕದ ಬೆಂಚಿನ ಅಜ್ಜ ಕೇಳಿಸಿಕೊಂಡು, "ಗುಟ್ಟಿನ ದಾರಿಯೆಲ್ಲ ಎಲ್ಲಿ ತಮ್ಮಾ, ನಮ್ಮೂರಿನ ದಾರಿಯೇ ನೀರಡಿ ಹೋಯ್ತು" ಅಂದರು. ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರು ಬಿಟ್ಟವರಲ್ಲಿ ಎಷ್ಟೋ ಜನರನ್ನು ತಂದು ಈ ಕಡೆ ಹಾಕಿದರು. ಆಗ ಅವರಿಗೆ ಹನ್ನೊಂದು ವರ್ಷವಂತೆ. ಲಾರಿಯಲ್ಲಿ ಬಾಗಿಲ ಚೌಕಟ್ಟು, ಒರಳುಕಲ್ಲು, ಕರು. ಕರುವಿನ ತಾಯಿಯನ್ನು ಹಿಂದಿನ ಲಾರಿಯಲ್ಲಿ ಹಾಕಿದ್ದರಂತೆ, ದಾರಿಯುದ್ದಕ್ಕೂ ಎರಡೂ ಕೂಗುತ್ತಿದ್ದವಂತೆ. ಇಡ್ಲಿ ಆರಿಹೋಯಿತು.

ಆನಂದಪುರಕ್ಕೆ ಮೊದಲು ಒಂದು ಸಣ್ಣ ಕೆರೆ ಏರಿ ಮೇಲೆ ವೀರಗಲ್ಲೊಂದು ಸಿಕ್ಕಿತು. ಭಾವ ಅದಕ್ಕೇ ಸೈಕಲ್ ಒರಗಿಸಲು ಹೋದ, ಬೈದೆ. ಸೊಂಟದೆತ್ತರದ ಕಲ್ಲು, ಅರ್ಧ ಪಾಚಿ. ಕೆಳಗಿನ ಅಂಕಣದಲ್ಲಿ ಕತ್ತಿ ಎತ್ತಿದ ಗಂಡಾಳು, ಅವನ ಹಿಂದೆ ಪುಟ್ಟ ಪುಟ್ಟ ಕೊಂಬಿನ ದನಗಳು. ಅಂದರೆ ಇವನು ರಾಜನಿಗಾಗಿ ಸತ್ತವನಲ್ಲ, ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ ಸತ್ತವನು. ತುರುಗಾಳಗ ಅಂತಾರಲ್ಲ, ಅದು. ನಡುವಿನ ಅಂಕಣದಲ್ಲಿ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಲಿಂಗ, ನಂದಿ, ಸೂರ್ಯ, ಚಂದ್ರ. ಬೆರಳಿಂದ ಪಾಚಿ ಸವರಿದರೆ ಒಂದು ದನ ತಲೆ ತಿರುಗಿಸಿ ಹಿಂದಕ್ಕೆ ನೋಡುತ್ತಿತ್ತು. ಕೆತ್ತಿದವನಿಗೆ ದನ ಸಾಕಿ ಗೊತ್ತಿತ್ತು. ಯಾರೋ ಅವತ್ತು ಬೆಳಿಗ್ಗೆ ಕೆಂಪು ದಾಸವಾಳ ಇಟ್ಟಿದ್ದರು. ಏರಿಯ ಕೆಳಗೆ ಕೊಯ್ಲು ಮುಗಿದ ಗದ್ದೆ, ಕೊಕ್ಕರೆ, ಒಬ್ಬ ಹುಡುಗ ಗಾಳ ಹಾಕಿಕೊಂಡು ಕೂತಿದ್ದ. ಈ ಕಡೆಯ ಯುದ್ಧಭೂಮಿ ನೋಡಬೇಕೆಂದರೆ ದೊಡ್ಡ ಬಯಲು ಹುಡುಕಬೇಡಿ. ಕೆರೆ ಏರಿಗಳ ಮೇಲೆ ನಿಧಾನ ಹೋಗಿ.

ಆನಂದಪುರದ ಚಂಪಕ ಸರಸಿಗೆ ಸಂಜೆ ಹೋಗಿ ಬಂದೆವು. ಕೆಳದಿ ಅರಸರ ಕಾಲದ ಕಲ್ಲಿನ ಕೊಳ, ಹೂಳು ತೆಗೆದಮೇಲೆ ನೀರು ತಿಳಿಯಾಗಿದೆ. ಇಷ್ಟು ತಣ್ಣಗಿರುವ ಊರನ್ನೂ 1783ರಲ್ಲಿ ಇಂಗ್ಲಿಷ್ ಸೈನ್ಯ ನುಗ್ಗಿ ಹಿಡಿದಿತ್ತು.

ಎರಡನೇ ದಿನ ಸಾಗರ, ಕೆಳದಿ, ಇಕ್ಕೇರಿ. ಎಲ್ಲರಿಗೂ ಗೊತ್ತಿರುವ ಜಾಗಗಳು, ಉದ್ದ ಬರೆಯುವುದಿಲ್ಲ. ಕೆಳದಿ ಗುಡಿಯ ಗಂಡಭೇರುಂಡ ನೋಡಿ, ವಸ್ತುಸಂಗ್ರಹಾಲಯದ ಓಲೆಗರಿ, ಕತ್ತಿ ನೋಡಿ, ಇಕ್ಕೇರಿಯ ನಂದಿಯ ಕಾಲಿನ ಸಂದಿಯಲ್ಲಿ ಮಕ್ಕಳು ನುಸಿಯುವುದು ನೋಡಿ. ಒಂದು ವಿಷಯ ಮಾತ್ರ ಸೈಕಲ್ಲಿನಲ್ಲಿ ಹೊಳೆಯಿತು. ಕೆಳದಿ, ಇಕ್ಕೇರಿ ಎರಡೂ ಹೆಚ್ಚು ಕಡಿಮೆ ಸಪಾಟು. ಬೆವರೇ ಬರಲಿಲ್ಲ. ನಮಗೆ ಬೆವರು ಬರದ ಕಡೆ ಶತ್ರುವಿನ ಕುದುರೆಗೆ ಬಂದೀತೇ? ಅರಸರು 1639ರ ಹೊತ್ತಿಗೆ ರಾಜಧಾನಿಯನ್ನು ಇಕ್ಕೇರಿಯಿಂದ ಬಿದನೂರಿಗೆ ಒಯ್ದರು. ಅದರ ಅರ್ಥ ಮೂರನೇ ದಿನ ಮಂಡಿಗೆ ತಿಳಿಯಿತು.

ಮೂರನೇ ದಿನ ಹಸಿರುಮಕ್ಕಿಯಲ್ಲಿ ಲಾಂಚ್ (ಜನ, ಗಾಡಿ ದಾಟಿಸುವ ದೊಡ್ಡ ದೋಣಿ) ಹತ್ತಿ ಶರಾವತಿ ಹಿನ್ನೀರು ದಾಟಿ ನಿಟ್ಟೂರು ಕಡೆ. ಇಡೀ ಪ್ರಯಾಣದಲ್ಲಿ ನನಗೆ ತುಂಬ ಇಷ್ಟವಾದ ದಿನ ಇದು. ಹಿನ್ನೀರಿನ ಅಂಚಿಗೆ ಇಳಿಯುವ ರಸ್ತೆ ಸೀದಾ ನೀರಿನೊಳಗೇ ಹೋಗಿಬಿಡುತ್ತದೆ. ನಿಜವಾಗಿಯೂ ಹೋಗುತ್ತದೆ, ಅದು ಹಳೆಯ ಊರುಗಳಿಗೆ ಹೋಗುತ್ತಿದ್ದ ರಸ್ತೆ. ನಾವು ದಡದಲ್ಲಿ ಮುಕ್ಕಾಲು ಗಂಟೆ ಕಾದೆವು. ನೀರು ಕನ್ನಡಿ ಹಾಗೆ. ಅಲ್ಲಲ್ಲಿ ಬೋಳು ಮರದ ತುದಿಗಳು, ಒಂದೊಂದರ ಮೇಲೆ ಒಂದೊಂದು ನೀರುಕಾಗೆ ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುತ್ತಿತ್ತು. ಪಕ್ಕದಲ್ಲಿ ಹೊಸ ಸೇತುವೆಯ ಕಂಬಗಳು ಎದ್ದಿದ್ದವು. ಲಾಂಚಿನವನು ನಮ್ಮ ಸೈಕಲ್ಲುಗಳನ್ನು ಒಂದು ಜೀಪಿಗೂ ಹುಲ್ಲಿನ ಹೊರೆಗೂ ನಡುವೆ ನಿಲ್ಲಿಸಿ, "ಎಂತ ಮಾರಾಯ್ರೆ, ಬೈಕ್ ಕೆಟ್ಟೋಯ್ತಾ?" ಅಂದ. ಸುಮ್ನೆ ನಕ್ಕೆವು.

ಒಂದು ಎಚ್ಚರಿಕೆ: ಬೇಸಿಗೆಯಲ್ಲಿ ನೀರು ಇಳಿದರೆ ಈ ಲಾಂಚ್ ನಿಂತುಹೋಗುತ್ತದೆ. ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೊರಡಿ, ಇಲ್ಲದಿದ್ದರೆ ಬಂದ ದಾರಿಗೆ ಸುಂಕ ಇಲ್ಲ. ಅತ್ತ ಸಿಗಂದೂರಿನ ಹೊಳೆಬಾಗಿಲಿನಲ್ಲಿ ನಾವು ಹೋಗಿಬಂದ ವರ್ಷವೇ ಜುಲೈನಲ್ಲಿ ಸೇತುವೆ ತೆರೆಯಿತು, ಎರಡೂವರೆ ಕಿ.ಮೀ.ಗೆ ಸ್ವಲ್ಪ ಕಡಿಮೆ ಉದ್ದ. ದ್ವೀಪದಂತಾಗಿದ್ದ ಊರಿನವರು ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಲು ಅರವತ್ತು ವರ್ಷ ಪಟ್ಟ ಪಾಡು ತಪ್ಪಿತು. ಲಾಂಚ್ ಹೋಯ್ತಲ್ಲಾ ಅಂತ ನನ್ನಂಥ ಪ್ರವಾಸಿ ಬೇಜಾರು ಮಾಡಿಕೊಂಡರೆ ಅವರು ಬೈದಾರು, ಬೈಯಲಿ.

ಆಚೆ ದಡದಿಂದ ಸಂಪೆಕಟ್ಟೆ ಕಡೆಗೆ ಬರೀ ಚಡಾವು. ಇಳುಕಲು ಸಿಕ್ಕಿತು ಅಂತ ಖುಷಿಪಡುವಷ್ಟರಲ್ಲಿ ತಿರುವು, ತಿರುವಿನಾಚೆ ಮತ್ತೆ ಚಡಾವು. ಅಲ್ಲೇ ನನ್ನ ಹಿಂದಿನ ಕ್ಯಾರಿಯರಿನ ಬೋಲ್ಟು ಉದುರಿ, ಚೀಲ ಜಾರಿ ಚಕ್ರಕ್ಕೆ ಉಜ್ಜತೊಡಗಿತು. ಹೊರಡುವ ಹಿಂದಿನ ದಿನವಷ್ಟೇ ದುಡ್ಡು ಕೊಟ್ಟು ಸರ್ವಿಸ್ ಮಾಡಿಸಿದ್ದೆ. ಬೋಲ್ಟು ಬಿಗಿ ಮಾಡುವುದು ಅದರಲ್ಲಿ ಸೇರಿರಲಿಲ್ಲ ಅಂತ ಕಾಣುತ್ತದೆ. ತಪ್ಪು ನನ್ನದೂ ಹೌದು, ಒಂದು ಸಲ ಅಲುಗಾಡಿಸಿ ನೋಡಬಹುದಿತ್ತು.

ಹತ್ತಿರದ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದರು. ಎಂಟು ಹತ್ತು ಹೆಂಗಸರು ಮೆಟ್ಟುಗತ್ತಿ ಮುಂದೆ ಕೂತು, ಕೈ ನೋಡದೆ, ಮಾತು ನಿಲ್ಲಿಸದೆ ಕಚಕ್ ಕಚಕ್ ಅಂತ. ಪಕ್ಕದ ಒಲೆಯಲ್ಲಿ ಅಡಿಕೆ ಬೇಯುವ ಚೊಗರಿನ ವಾಸನೆ. ಮನೆಯ ಯಜಮಾನರು ಬಂದು ಕ್ಯಾರಿಯರ್ ನೋಡಿ, ಏನೂ ಮಾತಾಡದೆ ಒಳಗೆ ಹೋಗಿ ಬೇಲಿ ತಂತಿ, ಇಕ್ಕುಳ ತಂದರು. ಬೋಲ್ಟಿನ ತೂತಿನಲ್ಲಿ ತಂತಿ ತೂರಿಸಿ ಮೂರು ಸುತ್ತು, ತುದಿ ತಿರುಚಿ, ಮೇಲಿನಿಂದ ಹಳೇ ಟ್ಯೂಬಿನ ರಬ್ಬರು ಪಟ್ಟಿ. "ತೀರ್ಥಳ್ಳಿವರೆಗೆ ಅಡ್ಡಿಲ್ಲ" ಅಂದರು. ಆಮೇಲೆ ಅವಲಕ್ಕಿ, ಮೊಸರು, ಅಪ್ಪೆಮಿಡಿ ಉಪ್ಪಿನಕಾಯಿ. ಭಾವ ಮೂರನೇ ಮಿಡಿಗೆ ಕೈ ಹಾಕಿದಾಗ ನಾನೇ ಕಣ್ಣು ಬಿಟ್ಟೆ.

ರಾತ್ರಿ ಸಂಪೆಕಟ್ಟೆಯ ಹತ್ತಿರ ಉಳಿದು, ಬೆಳಿಗ್ಗೆ ಮಂಜಿನಲ್ಲಿ ನಗರಕ್ಕೆ ಹೋದೆವು. ಬಿದಿರಿನ ಊರು ಬಿದನೂರು ಆಗಿ, ಹೈದರ್ ಹಿಡಿದಮೇಲೆ ಹೈದರ್‌ನಗರವಾಗಿ, ಈಗ ಬರೀ ನಗರ. ರಸ್ತೆ ಪಕ್ಕದಲ್ಲೇ ಕೋಟೆ. ಕಂದಕ, ದಪ್ಪ ಗೋಡೆ, ಒಳಗೆ ದರ್ಬಾರಿನ ಅಡಿಪಾಯ, ಅಕ್ಕ ತಂಗಿ ಕೊಳ. ಬುರುಜಿನ ಮೇಲೆ ನಿಂತರೆ ಸುತ್ತಲೂ ಗುಡ್ಡ, ಗುಡ್ಡದ ಹಿಂದೆ ಗುಡ್ಡ, ಅವುಗಳ ಸಂದಿಯಲ್ಲಿ ಮಂಜು. ಹಿಂದಿನ ದಿನ ನಾವು ಉಸಿರು ಬಿಟ್ಟುಕೊಂಡು ಹತ್ತಿದ್ದೆಲ್ಲ ಈ ಕೋಟೆಯ ಹೊರಗೋಡೆಯೇ ಅಂತ ಆಗ ಹೊಳೆಯಿತು. ಕಲ್ಲಿನ ಗೋಡೆ ಕೊನೆಯದು. ಅದಕ್ಕಿಂತ ಮೊದಲು ಚಡಾವು, ಕಾಡು, ಆರು ತಿಂಗಳ ಮಳೆ.

ಆದರೂ ಊರು ಎರಡು ಸಲ ಸುಲಭವಾಗಿಯೇ ಹೋಯಿತು. 1763ರಲ್ಲಿ ರಾಣಿ ಅರಮನೆಗೆ ಬೆಂಕಿ ಹಚ್ಚಿಸಿ ಹೊರಟುಹೋದಳು. ಜನ ಕಾಡು ಸೇರಿದರು. ಖಜಾನೆ ಹೈದರನಿಗೆ ಸಿಕ್ಕಿತು. 1783ರ ಜನವರಿಯಲ್ಲಿ ಇಂಗ್ಲಿಷ್ ಸೈನ್ಯದ ಜನರಲ್ ಮ್ಯಾಥ್ಯೂಸ್ ಕುಂದಾಪುರದ ಕಡೆಯಿಂದ ಹೊಸಂಗಡಿ ಘಾಟಿ ಹತ್ತಿ ಬಂದ. ಘಾಟಿಯಲ್ಲಿ ಕಾದಾಟವಾಯಿತು, ಕೋಟೆಯನ್ನು ಮಾತ್ರ ಅದರ ಅಧಿಕಾರಿ ಅಯಾಜ್ ಒಪ್ಪಿಸಿಬಿಟ್ಟ. ಮೂರು ತಿಂಗಳಲ್ಲೇ ಟಿಪ್ಪು ಬಂದು ಮುತ್ತಿಗೆ ಹಾಕಿ ವಾಪಸ್ ಕಿತ್ತುಕೊಂಡ. ಮ್ಯಾಥ್ಯೂಸ್ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತ. ಆ ಘಾಟಿಯನ್ನು ಕೆಳಗಿನಿಂದ ಸೈಕಲ್ಲಿನಲ್ಲಿ ಹತ್ತಬೇಕೆಂದು ಭಾವನಿಗೆ ಆಸೆ. ಅವನ ಗೇರಿನಲ್ಲಿ ಆಗುವ ಕೆಲಸವಲ್ಲ ಅಂದೆ.

ನಗರದಿಂದ ತೀರ್ಥಹಳ್ಳಿಗೆ ಹೋಗುವಾಗ ಕವಲೇದುರ್ಗ. ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಮೂರು. ಸೈಕಲ್ ಕೆಳಗೆ ಒಂದು ಮನೆಯಲ್ಲಿ ಬಿಟ್ಟು, ಗದ್ದೆ ದಾಟಿ ನಡೆದೇ ಹತ್ತಬೇಕು. ಮೂರು ಸುತ್ತಿನ ಕೋಟೆ, ಗುಡ್ಡದ ಮೈಯನ್ನೇ ಅನುಸರಿಸಿ ಕಟ್ಟಿದ ಗೋಡೆ. ಎರಡನೇ ಬಾಗಿಲಿನಲ್ಲಿ ನನ್ನ ಕಾಲು ಮುಷ್ಕರ ಹೂಡಿತು. ಭಾವ ಒಬ್ಬನೇ ತುದಿಗೆ ಹೋಗಿ ಬಂದ. ಅವನಿಗೆ ಅವತ್ತು ಬಲು ಖುಷಿ.

ಕೊನೆಯ ದಿನ ತೀರ್ಥಹಳ್ಳಿಯಿಂದ ತುಂಗೆಯ ಜೊತೆಯಲ್ಲೇ ಇಳಿಜಾರು, 60 ಕಿ.ಮೀ. ಮಂಡಗದ್ದೆ, ಸಕ್ರೆಬೈಲು, ಗಾಜನೂರು. ನದಿ ಒಮ್ಮೆ ಬಲಕ್ಕೆ ಕಾಣುತ್ತದೆ, ಒಮ್ಮೆ ಮರೆಯಾಗುತ್ತದೆ. ಸಕ್ರೆಬೈಲಿನಲ್ಲಿ ಆನೆಗಳು ಹಿನ್ನೀರಿನಲ್ಲಿ ಮಲಗಿ ಮೈ ಉಜ್ಜಿಸಿಕೊಳ್ಳುತ್ತಿದ್ದವು. ನನಗೂ ಹಾಗೇ ಮಲಗಬೇಕು ಅನ್ನಿಸಿತು.

ಶಿವಮೊಗ್ಗ ಹತ್ತಿರವಾದಾಗ ನೆನಪಾಯಿತು. 1791ರ ಡಿಸೆಂಬರ್ 29ರಂದು ನಮ್ಮೂರ ಹತ್ತಿರವೇ ಒಂದು ದೊಡ್ಡ ಕಾಳಗ ಆಗಿತ್ತು. ಟಿಪ್ಪುವಿನ ಕಡೆಯ ರೆಜಾ ಸಾಹೇಬ್ ಒಂದು ಬದಿಗೆ ತುಂಗೆ, ಇನ್ನೊಂದು ಬದಿಗೆ ದಟ್ಟ ಕಾಡು ಇಟ್ಟುಕೊಂಡು ಬೀಡು ಬಿಟ್ಟಿದ್ದ. ಪರಶುರಾಮ ಭಾವುವಿನ ಮರಾಠರ ಜೊತೆಗಿದ್ದ ಇಂಗ್ಲಿಷ್ ಕ್ಯಾಪ್ಟನ್ ಲಿಟಲ್‌ನ ದಂಡು ಅವನನ್ನು ಅಲ್ಲಿಂದ ಎಬ್ಬಿಸಿತು. ನಾಲ್ಕೈದು ದಿನದಲ್ಲಿ ಶಿವಮೊಗ್ಗದ ಕೋಟೆಯೂ ಶರಣಾಯಿತು. ಇಷ್ಟು ವರ್ಷ ಈ ಊರಲ್ಲಿದ್ದು ಆ ಜಾಗ ಯಾವುದಿರಬಹುದು ಅಂತ ಒಂದು ಸಲವೂ ಯೋಚಿಸಿರಲಿಲ್ಲ. ಭಾವನಿಗೆ ಹೇಳಿದೆ. "ಭಾವ, ಆ ಹೆಸರಿನವನು ಗೆದ್ದನಲ್ಲ, ಈಗಲಾದರೂ ಗೇರ್ ವಿಷಯ ಬಿಡಿ" ಅಂದ.

ಕ್ಯಾರಿಯರಿನ ಬೇಲಿ ತಂತಿ ಇನ್ನೂ ಹಾಗೇ ಇದೆ. ತೀರ್ಥಹಳ್ಳಿಯಲ್ಲಿ ಹೊಸ ಬೋಲ್ಟು ತಗೊಂಡಿದ್ದೆ, ಅದು ಚೀಲದ ಜೇಬಿನಲ್ಲಿದೆ.